ಮೂವತ್ತು ಡಾಲರಿನ ಲೀಗ್ ಮತ್ತು ಅದನ್ನು ಕಳೆದುಕೊಂಡ ಗುಮಾಸ್ತ

ಹನ್ನೆರಡು ವರ್ಷದ ಮಕ್ಕಳ ಆಟವನ್ನು ಟಿವಿ ಚಾನೆಲ್ಲುಗಳು ನೇರ ಪ್ರಸಾರ ಮಾಡ್ತವೆ ಅಂದ್ರೆ ನಮಗೆ ಸ್ವಲ್ಪ ವಿಚಿತ್ರ ಅನಿಸಬಹುದು. ಅಮೆರಿಕದಲ್ಲಿ ಅದು ಪ್ರತಿ ಆಗಸ್ಟಿನಲ್ಲೂ ನಡೆಯುತ್ತೆ. ಪೆನ್ಸಿಲ್ವೇನಿಯಾ ರಾಜ್ಯದ ಸೌತ್ ವಿಲಿಯಮ್ಸ್‌ಪೋರ್ಟ್ ಅನ್ನುವ ಪುಟ್ಟ ಊರಿನಲ್ಲಿ ಲಿಟಲ್ ಲೀಗ್ ವರ್ಲ್ಡ್ ಸೀರೀಸ್ ನಡೆದಾಗ ಜಪಾನ್, ತೈವಾನ್, ಮೆಕ್ಸಿಕೊ, ವೆನೆಜುವೆಲಾದಂಥ ದೇಶಗಳಿಂದ ಮಕ್ಕಳ ಬೇಸ್‌ಬಾಲ್ ತಂಡಗಳು ಬರ್ತವೆ. ಗುಡ್ಡದ ಇಳಿಜಾರಿನಲ್ಲಿ ಸಾವಿರಾರು ಜನ ಕೂತು ನೋಡ್ತಾರೆ. ಇವತ್ತು 80ಕ್ಕೂ ಹೆಚ್ಚು ದೇಶಗಳಲ್ಲಿ ಲಿಟಲ್ ಲೀಗ್ ಇದೆ.

ಇದನ್ನು ಹುಟ್ಟುಹಾಕಿದ ಮನುಷ್ಯನ ಹೆಸರು ಕಾರ್ಲ್ ಸ್ಟೋಟ್ಜ್. ಅವರು ಹುಟ್ಟಿದ್ದು ನದಿಯ ಈಚೆ ದಡದ ವಿಲಿಯಮ್ಸ್‌ಪೋರ್ಟಿನಲ್ಲಿ, 1910ರ ಫೆಬ್ರವರಿ 20ರಂದು. ತೀರಿಕೊಂಡಿದ್ದು 1992ರ ಜೂನ್ 4ರಂದು. ಈ 82 ವರ್ಷಗಳ ಬದುಕಿನ ಕೊನೆಯ 36 ವರ್ಷ ಅವರು ತಾವೇ ಕಟ್ಟಿದ ಸಂಸ್ಥೆಯ ಹೊರಗಿದ್ದರು. ತೀರಾ ದೂರವೇನೂ ಹೋಗಿರಲಿಲ್ಲ. ಅದೇ ಊರಿನಲ್ಲೇ ಮಕ್ಕಳಿಗೆ ಆಟ ಆಡಿಸಿಕೊಂಡಿದ್ದರು.

ಈ ಕತೆ ನನ್ನನ್ನು ಹಿಡಿದಿದ್ದು ಬೇಸ್‌ಬಾಲಿನ ಮೇಲಿನ ಪ್ರೀತಿಯಿಂದಲ್ಲ. ನಿಜ ಹೇಳಬೇಕಂದ್ರೆ ಆ ಆಟದ ಅರ್ಧ ನಿಯಮ ನನಗೆ ಇವತ್ತಿಗೂ ಗೊಂದಲವೇ. ನಾನು ನೋಡಿದ ಎಷ್ಟೋ ಓದುವ ಬಳಗಗಳು, ರಂಗ ತಂಡಗಳು, ವಿದ್ಯಾರ್ಥಿ ಸಂಘಟನೆಗಳು ಒಡೆದಿದ್ದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಅದಕ್ಕೇ ಈ ಗುಮಾಸ್ತನ ಬದುಕನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು ಅನಿಸಿತು.

ಗಾಯವಾದ ಕಾಲು

ವಿಲಿಯಮ್ಸ್‌ಪೋರ್ಟ್ ಒಂದು ಕಾಲದಲ್ಲಿ ಮರದ ವ್ಯಾಪಾರಕ್ಕೆ ಹೆಸರುವಾಸಿ. ಹತ್ತೊಂಬತ್ತನೇ ಶತಮಾನದಲ್ಲಿ ಸಸ್ಕ್ವೆಹಾನಾ ನದಿಯಲ್ಲಿ ತೇಲಿಬರುತ್ತಿದ್ದ ದಿಮ್ಮಿಗಳಿಂದ ಶ್ರೀಮಂತವಾದ ಊರು. ಕಾಡು ಖಾಲಿಯಾಯಿತು, ಶ್ರೀಮಂತಿಕೆಯೂ ಇಳಿಯಿತು. 1930ರ ದಶಕದ ಮಹಾ ಆರ್ಥಿಕ ಕುಸಿತ ಬಂದಾಗ ಅದು ಕೆಲಸ ಹುಡುಕುವವರ ಊರಾಗಿತ್ತು. ಸ್ಟೋಟ್ಜ್ ಅಲ್ಲಿ ಸಾಧಾರಣ ಸಂಬಳದ ಗುಮಾಸ್ತ. ದೊಡ್ಡ ಆಟಗಾರನೂ ಅಲ್ಲ, ದುಡ್ಡಿರುವ ಮನೆತನದವರೂ ಅಲ್ಲ.

1938ರ ಬೇಸಿಗೆ. ನಂಟರ ಇಬ್ಬರು ಪುಟ್ಟ ಹುಡುಗರ ಜೊತೆ ಮನೆ ಪಕ್ಕದ ಅಂಗಳದಲ್ಲಿ ಚೆಂಡು ಎಸೆದಾಡುತ್ತಿದ್ದರು. ಒಬ್ಬನಿಗೆ ಆರು ವರ್ಷ, ಇನ್ನೊಬ್ಬನಿಗೆ ಎಂಟು. ಇಬ್ಬರೂ ಇವರನ್ನು ಅಂಕಲ್ ಅಂತ ಕರೆಯುವವರು. ಒಂದು ಎಸೆತ ಹಿಡಿಯೋಕೆ ಓಡುವಾಗ ಸ್ಟೋಟ್ಜರ ಕಾಲು ಲೈಲಾಕ್ ಗಿಡದ ಕಡ್ಡಿಗಳಿಗೆ ತರಚಿ ಗಾಯವಾಯಿತು. ಪಕ್ಕದ ಮನೆ ಮೆಟ್ಟಿಲ ಮೇಲೆ ಕೂತು ಕಾಲು ಉಜ್ಜಿಕೊಳ್ಳುವಾಗ ತಮ್ಮದೇ ಬಾಲ್ಯ ನೆನಪಾಯಿತಂತೆ. ಅವರು ಚಿಕ್ಕವರಿದ್ದಾಗ ದೊಡ್ಡ ಹುಡುಗರೇ ಆಟವನ್ನು ಪೂರ್ತಿ ಆಕ್ರಮಿಸಿಕೊಂಡಿರುತ್ತಿದ್ದರು. ಚಿಕ್ಕವರಿಗೆ ಸರಿಯಾದ ಬ್ಯಾಟಿಲ್ಲ, ಚೆಂಡಿಲ್ಲ, ಮೈದಾನವಿಲ್ಲ. ನಿಮಗೆ ಸಮವಸ್ತ್ರ ಹಾಕ್ಕೊಂಡು, ಹೊಸ ಚೆಂಡಿನಲ್ಲಿ, ನಿಜವಾದ ತಂಡದಲ್ಲಿ ಆಡುವಂಥ ಲೀಗ್ ಮಾಡಿಕೊಡ್ತೀನಿ ಅಂತ ಆ ಮಕ್ಕಳಿಗೆ ಮಾತು ಕೊಟ್ಟರು.

ಇದು ನಮಗೂ ಗೊತ್ತಿರುವ ಸಂಗತಿ ಅಲ್ವಾ? ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ಕ್ರಿಕೆಟ್ಟಿನಲ್ಲಿ ನನ್ನ ಪಾತ್ರ ಚರಂಡಿಗೆ ಬಿದ್ದ ಚೆಂಡು ತೆಗೆದುಕೊಡುವುದು. ಬ್ಯಾಟಿಂಗ್ ಬರೋ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಎಲ್ಲ ದೊಡ್ಡವರೂ ಈ ಅವಮಾನ ದಾಟಿಕೊಂಡೇ ಬಂದಿರ್ತಾರೆ, ಆಮೇಲೆ ಮರೆತೂಬಿಡ್ತಾರೆ. ಸ್ಟೋಟ್ಜ್ ಮರೆಯಲಿಲ್ಲ.

ಅಳತೆಯ ಕೆಲಸ

ಇಂಜಿನಿಯರಿಂಗ್ ಓದಿದ ನನಗೆ ಸ್ಟೋಟ್ಜರ ಬಗ್ಗೆ ಅತಿ ಹೆಚ್ಚು ಗೌರವ ಹುಟ್ಟೋದು ಮುಂದಿನ ಹಂತದಲ್ಲಿ. ಮಾತು ಕೊಟ್ಟವರು ನೇರವಾಗಿ ದುಡ್ಡು ಎತ್ತೋಕೆ ಹೋಗಲಿಲ್ಲ. ಮೊದಲು ಅಕ್ಕಪಕ್ಕದ ಮಕ್ಕಳನ್ನು ಪಾರ್ಕಿಗೆ ಕರ್ಕೊಂಡು ಹೋಗಿ ಅಳತೆ ಶುರು ಮಾಡಿದರು.

ದೊಡ್ಡವರ ಬೇಸ್‌ಬಾಲಿನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ. ಆಟದ ಜೀವ ಇರೋದೇ ಈ ಅಂತರದಲ್ಲಿ. ಬ್ಯಾಟ್ ಮಾಡಿದವನು ಓಡಿ ಬೇಸ್ ಮುಟ್ಟುವ ಸಮಯ ಮತ್ತು ಕ್ಷೇತ್ರರಕ್ಷಕ ಚೆಂಡು ಹಿಡಿದು ಅಲ್ಲಿಗೆ ಎಸೆಯುವ ಸಮಯ ಎರಡೂ ಹತ್ತಿರ ಹತ್ತಿರ ಇರಬೇಕು. ಆಗಲೇ ಪೈಪೋಟಿ, ಆಗಲೇ ಮಜಾ. ಅದೇ 90 ಅಡಿಯನ್ನು ಒಂಬತ್ತು ವರ್ಷದವನಿಗೆ ಕೊಟ್ಟರೆ ಎಸೆತ ತಲುಪೋದೇ ಇಲ್ಲ, ಓಡೋವಾಗಲೇ ಸುಸ್ತಾಗಿರ್ತಾನೆ. ಸ್ಟೋಟ್ಜ್ ಮಕ್ಕಳನ್ನೇ ಓಡಿಸಿ, ಮಕ್ಕಳ ಕೈಯಲ್ಲೇ ಎಸೆಸಿ, ಅಂತರವನ್ನು ಹಿಂದೆ ಮುಂದೆ ಸರಿಸುತ್ತಾ ಹೋದರು. ಕೊನೆಗೆ ನಿಂತಿದ್ದು 60 ಅಡಿಗೆ. ನಮ್ಮ ಕ್ರಿಕೆಟ್ ಪಿಚ್ ಇದೆಯಲ್ಲ, 22 ಗಜ ಅಂದ್ರೆ 66 ಅಡಿ, ಅದಕ್ಕಿಂತ ಸ್ವಲ್ಪ ಕಡಿಮೆ. ಇವತ್ತಿಗೂ ಲಿಟಲ್ ಲೀಗಿನ ಮಕ್ಕಳು ಓಡುವುದು ಅದೇ 60 ಅಡಿ.

ಕೇಳೋಕೆ ಸಣ್ಣ ವಿಷಯ. ಆದರೆ ಇದರ ಹಿಂದೆ ಒಂದು ನಿಲುವಿದೆ: ಮಗು ಆಟಕ್ಕೆ ತಕ್ಕಂತೆ ಬೆಳೆಯುವ ತನಕ ಕಾಯಬೇಕಿಲ್ಲ, ಆಟವನ್ನೇ ಮಗುವಿನ ಅಳತೆಗೆ ತರಬಹುದು. ನಮ್ಮಲ್ಲಿ ಬಹಳ ಕಡೆ ಹತ್ತು ವರ್ಷದ ಹುಡುಗ ಹುಡುಗಿಯರು ಇವತ್ತಿಗೂ ಪೂರ್ತಿ 22 ಗಜ ದೂರದಿಂದ ಬೌಲ್ ಮಾಡ್ತಾರೆ. ಭುಜ ನೋಯಿಸಿಕೊಂಡು ಚೆಂಡು ಗಾಳಿಗೆ ತೂರಿದಾಗ, ಇವನಿಗೆ ಬೌಲಿಂಗ್ ಬರಲ್ಲ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ.

ಐವತ್ತಕ್ಕೂ ಹೆಚ್ಚು ಬಾಗಿಲು

ಅಳತೆ ಸಿಕ್ಕಿತು. ಇನ್ನು ದುಡ್ಡು. ಸ್ಟೋಟ್ಜ್ ಊರಿನ ಅಂಗಡಿ, ಕಾರ್ಖಾನೆ, ಕಂಪನಿಗಳ ಬಾಗಿಲು ತಟ್ಟುತ್ತಾ ಹೋದರು. ಐವತ್ತಕ್ಕೂ ಹೆಚ್ಚು ಕಡೆ ಇಲ್ಲ ಅನ್ನಿಸಿಕೊಂಡರು. ಕಾಲ ಹಾಗಿತ್ತು, ದೊಡ್ಡವರಿಗೇ ಕೆಲಸವಿಲ್ಲದಾಗ ಮಕ್ಕಳ ಆಟಕ್ಕೆ ಯಾರು ದುಡ್ಡು ಕೊಡ್ತಾರೆ? ಕೊನೆಗೆ ಲೈಕೋಮಿಂಗ್ ಡೈರಿ ಅನ್ನುವ ಊರಿನ ಹಾಲಿನ ಕಂಪನಿ 30 ಡಾಲರ್ ಕೊಡಲು ಒಪ್ಪಿತು. ಆಮೇಲೆ ಲಂಡಿ ಲಂಬರ್ ಅನ್ನುವ ಮರದ ಕಂಪನಿ, ಜಂಬೋ ಪ್ರೆಟ್ಜೆಲ್ ಅನ್ನುವ ತಿಂಡಿ ಕಂಪನಿ ಸೇರಿದವು. ಹಾಲು, ಮರ, ತಿಂಡಿ: ಮೂರು ತಂಡ ರೆಡಿ. ನಮ್ಮೂರ ಟೆನಿಸ್ ಬಾಲ್ ಟೂರ್ನಿಯಲ್ಲಿ ಬೇಕರಿ ಹೆಸರು, ಹಾರ್ಡ್‌ವೇರ್ ಅಂಗಡಿ ಹೆಸರು ಬರೆದ ಜೆರ್ಸಿ ಹಾಕಿಕೊಂಡು ಆಡ್ತಾರಲ್ಲ, ಥೇಟ್ ಹಾಗೇ.

ಜಾರ್ಜ್ ಬೆಬಲ್, ಬರ್ಟ್ ಬೆಬಲ್ ಎಂಬಿಬ್ಬರು ಜೊತೆಯಾದರು. ಮೂವರೂ ಒಂದೊಂದು ತಂಡ ನೋಡಿಕೊಂಡರು. ಮೂವರ ಹೆಂಡತಿಯರೂ ಕೆಲಸಕ್ಕೆ ನಿಂತರು. ಇಂಥ ಕತೆಗಳಲ್ಲಿ ಹೆಂಗಸರ ದುಡಿಮೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ, ಹಾಗಾಗಿ ಈ ಸಾಲನ್ನು ಇಲ್ಲಿ ಬೇಕಂತಲೇ ಬರೆದಿದ್ದೀನಿ.

1939ರ ಜೂನ್ 6. ಮೊದಲ ಪಂದ್ಯ. ಲಂಡಿ ಲಂಬರ್ ತಂಡ ಲೈಕೋಮಿಂಗ್ ಡೈರಿ ತಂಡವನ್ನು 23-8ರಿಂದ ಸೋಲಿಸಿತು. ಆ ಅಂಕ ನೋಡಿದರೇ ಗೊತ್ತಾಗುತ್ತೆ, ಆಟದ ಮಟ್ಟ ಹೇಗಿತ್ತು ಅಂತ. ಯಾರಿಗೆ ಬೇಕು? ಮಕ್ಕಳು ಸಮವಸ್ತ್ರ ಹಾಕಿಕೊಂಡು ಆಡಿದ್ದರು. ಕೊಟ್ಟ ಮಾತು ಒಂದು ವರ್ಷದೊಳಗೆ ನಡೆದಿತ್ತು.

ಹನ್ನೆರಡರಿಂದ ಸಾವಿರಕ್ಕೆ

ಮಹಾಯುದ್ಧದ ಕಾರಣಕ್ಕೆ ಬೆಳವಣಿಗೆ ನಿಧಾನವಾಗಿತ್ತು. 1946ರಲ್ಲಿ ಇದ್ದಿದ್ದು 12 ಲೀಗ್, ಎಲ್ಲವೂ ಪೆನ್ಸಿಲ್ವೇನಿಯಾದಲ್ಲೇ. ಮಾರನೇ ವರ್ಷ ಸ್ಟೋಟ್ಜ್ ಮತ್ತು ಗೆಳೆಯರು ಈ ಲೀಗುಗಳ ನಡುವೆ ಒಂದು ಟೂರ್ನಿ ಮಾಡೋಣ ಅಂತ ಹೊರಟರು. 1947ರ ಆ ಟೂರ್ನಿಯ ಫೈನಲ್ಲಿನಲ್ಲಿ ವಿಲಿಯಮ್ಸ್‌ಪೋರ್ಟಿನದೇ ಮೇನಾರ್ಡ್ ತಂಡ ಪಕ್ಕದ ಲಾಕ್ ಹೇವನ್ ಊರಿನ ತಂಡವನ್ನು 16-7ರಿಂದ ಸೋಲಿಸಿತು. ಇವತ್ತಿನ ವರ್ಲ್ಡ್ ಸೀರೀಸಿನ ಮೊದಲ ಆವೃತ್ತಿ ಅಂತ ಲೆಕ್ಕ ಹಿಡಿಯೋದು ಇದನ್ನೇ.

ಅಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ. ಯುದ್ಧ ಮುಗಿಸಿ ಮನೆಗೆ ಬಂದ ಗಂಡಸರು, ತುಂಬಿಕೊಳ್ಳುತ್ತಿದ್ದ ಹೊಸ ಬಡಾವಣೆಗಳು, ಅವುಗಳ ತುಂಬಾ ಮಕ್ಕಳು. ಅವರಿಗೆ ಇಂಥದ್ದೊಂದು ಬೇಕಾಗಿತ್ತು. 1949ರಲ್ಲಿ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆ ಈ ಲೀಗಿನ ಬಗ್ಗೆ ಬರೆಯಿತು. ನಮ್ಮೂರಲ್ಲೂ ಶುರು ಮಾಡೋದು ಹೇಗೆ ಅಂತ ಕೇಳಿ ದೇಶದ ಮೂಲೆಮೂಲೆಯಿಂದ ಪತ್ರಗಳು ಬಂದವು. ಬಿಡುವಿನ ಹೊತ್ತಿನಲ್ಲಿ ಮಾಡುತ್ತಿದ್ದ ಕೆಲಸ ಸ್ಟೋಟ್ಜರ ಪೂರ್ಣಾವಧಿ ಕೆಲಸವಾಯಿತು. ಅವರು ಲಿಟಲ್ ಲೀಗಿನ ಕಮಿಷನರ್ ಆದರು.

ಇದಕ್ಕೆಲ್ಲ ಹಣ ಬಂದಿದ್ದು ಯು.ಎಸ್. ರಬ್ಬರ್ ಕಂಪನಿಯಿಂದ. ಟೈರ್ ಮಾಡುವ, ಕೆಡ್ಸ್ ಶೂ ಮಾಡುವ ದೈತ್ಯ. ಲೋಹದ ಮುಳ್ಳಿನ ಶೂ ಮಕ್ಕಳಿಗೆ ಅಪಾಯ ಅಂತ ರಬ್ಬರ್ ಮುಳ್ಳಿನ ಶೂ ತಯಾರಿಸಿದ್ದು ಇದೇ ಕಂಪನಿ. ಅದು ನಿಜಕ್ಕೂ ಒಳ್ಳೆಯ ಕೆಲಸ, ಒಳ್ಳೆಯ ವ್ಯಾಪಾರವೂ ಹೌದು. 1950ರಲ್ಲಿ ಲಿಟಲ್ ಲೀಗ್ ಒಂದು ನೋಂದಾಯಿತ ಸಂಸ್ಥೆಯಾಯಿತು. ಆಡಳಿತ ಮಂಡಳಿ ಬಂತು. 1952ರಲ್ಲಿ ಯು.ಎಸ್. ರಬ್ಬರಿನ ಅಧಿಕಾರಿ ಪೀಟರ್ ಮೆಕ್‌ಗವರ್ನ್ ಸಂಸ್ಥೆಯ ಅಧ್ಯಕ್ಷರಾಗಿ ಬಂದು ಕೂತರು.

ಇಲ್ಲಿ ಯಾರೂ ಕಳ್ಳತನ ಮಾಡಲಿಲ್ಲ ಅನ್ನೋದನ್ನು ಗಮನಿಸಿ. ಕತ್ತಲಲ್ಲಿ ಯಾರೂ ಬಂದು ಬೀಗ ಒಡೆಯಲಿಲ್ಲ. ದುಡ್ಡು ಬೇಕಿತ್ತು, ಕೊಟ್ಟರು. ಆಡಳಿತ ತಿಳಿದವರು ಬೇಕಿತ್ತು, ಬಂದರು. ಒಂದೊಂದೇ ನಿರ್ಧಾರ ಮೈದಾನದಿಂದ ಮಂಡಳಿಯ ಮೇಜಿಗೆ ಹೋಯಿತು. ಕಮಿಷನರ್ ಅನ್ನುವ ಪದವಿ ಉಳಿಯಿತು, ಅದರೊಳಗಿನ ಅಧಿಕಾರ ಸೋರಿಹೋಯಿತು.

ಸ್ಟೋಟ್ಜರ ತಕರಾರು ಎರಡು. ಒಂದು, ಲೀಗುಗಳನ್ನು ನಡೆಸೋದು ಆಯಾ ಊರಿನ ಸ್ವಯಂಸೇವಕರು, ಆದರೆ ನಿರ್ಧಾರ ಮಾಡೋದು ಕೇಂದ್ರ ಕಚೇರಿ. ಆಡಿಸುವವರಿಗೆ ಮತ ಇಲ್ಲ. ಎರಡು, ವರ್ಲ್ಡ್ ಸೀರೀಸಿನ ಮೋಹ ಮಿತಿಮೀರುತ್ತಿದೆ. ಊರಿನ ಎಲ್ಲ ಮಕ್ಕಳೂ ಆಡಲಿ ಅಂತ ಶುರುವಾಗಿದ್ದು, ಆಯ್ದ ಕೆಲವು ಮಕ್ಕಳ ಪ್ರದರ್ಶನವಾಗುತ್ತಿದೆ.

1955ರ ಕೊನೆಯಲ್ಲಿ ಜಗಳ ಕೋರ್ಟಿಗೆ ಹೋಯಿತು. ತಾನು ಹುಟ್ಟಿಸಿದ ಸಂಸ್ಥೆಯ ಮೇಲೆ ತಾನೇ ದಾವೆ ಹೂಡಬೇಕಾಗಿ ಬಂದಾಗ ಸ್ಟೋಟ್ಜರಿಗೆ 45 ವರ್ಷ. 1956ರಲ್ಲಿ ವ್ಯಾಜ್ಯ ಒಪ್ಪಂದದಲ್ಲಿ ಮುಗಿಯಿತು. ಲಿಟಲ್ ಲೀಗ್ ಅನ್ನುವ ಹೆಸರು ಸಂಸ್ಥೆಗೆ ಉಳಿಯಿತು. ಸ್ಟೋಟ್ಜ್ ಹೊರಗೆ ಬಂದರು.

ಇನ್ನೊಂದು ಪಕ್ಕ

ಇಲ್ಲಿಗೇ ನಿಲ್ಲಿಸಿದರೆ ಇದು ಒಳ್ಳೆಯ ಗುಮಾಸ್ತ, ಕೆಟ್ಟ ಕಾರ್ಪೊರೇಟ್ ಅನ್ನುವ ಕತೆಯಾಗುತ್ತೆ. ನಮ್ಮಂಥವರಿಗೆ ಇಷ್ಟವಾಗುವ ಕತೆ. ಆದರೆ ಅದೇ 1955ರಲ್ಲಿ ನಡೆದ ಇನ್ನೊಂದು ಘಟನೆಯನ್ನು ಹೇಳದೆ ಬಿಟ್ಟರೆ ಅದು ಅರ್ಧಸತ್ಯ.

ಸೌತ್ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಊರಿನಲ್ಲಿ ಕ್ಯಾನನ್ ಸ್ಟ್ರೀಟ್ ವೈಎಂಸಿಎ ಕಪ್ಪು ಮಕ್ಕಳ ಲೀಗ್ ಕಟ್ಟಿ ಲಿಟಲ್ ಲೀಗಿನ ಸದಸ್ಯತ್ವ ಪಡೆದಿತ್ತು. ಆ ವರ್ಷ ಅದರ ತಂಡ ರಾಜ್ಯದ ಟೂರ್ನಿಗೆ ಹೆಸರು ಕೊಟ್ಟಿತು. ಇವರ ಜೊತೆ ಆಡೋದಿಲ್ಲ ಅಂತ ಆ ರಾಜ್ಯದ 60ಕ್ಕೂ ಹೆಚ್ಚು ಬಿಳಿಯರ ತಂಡಗಳು ಟೂರ್ನಿಯನ್ನೇ ಬಿಟ್ಟುಹೋದವು. ಬಣ್ಣದ ಆಧಾರದಲ್ಲಿ ಬೇರ್ಪಡಿಸಲು ಕೇಂದ್ರ ಕಚೇರಿ ಒಪ್ಪಲಿಲ್ಲ. ದಕ್ಷಿಣದ ಎಷ್ಟೋ ಲೀಗುಗಳು ಸಂಸ್ಥೆಯನ್ನೇ ತೊರೆದು ಬಿಳಿಯರದೇ ಪ್ರತ್ಯೇಕ ಸಂಘಟನೆ ಕಟ್ಟಿಕೊಂಡವು. ಆದರೂ ಕೇಂದ್ರ ಕಚೇರಿ ಬಗ್ಗಲಿಲ್ಲ.

ಹಾಗಂತ ಮಕ್ಕಳಿಗೆ ನ್ಯಾಯ ಸಿಕ್ಕಿತಾ? ಇಲ್ಲ. ಮೈದಾನದಲ್ಲಿ ಆಡಿ ಗೆದ್ದ ತಂಡ ಮಾತ್ರ ಮುಂದಿನ ಸುತ್ತಿಗೆ ಹೋಗಬಹುದು ಅನ್ನೋ ನಿಯಮ ತೋರಿಸಿ ಅವರನ್ನು ತಡೆದರು. ಎದುರಾಳಿಗಳು ಓಡಿಹೋಗಿದ್ದೇ ಈ ಮಕ್ಕಳ ತಪ್ಪಾಯಿತು. ಅತಿಥಿಗಳಾಗಿ ವಿಲಿಯಮ್ಸ್‌ಪೋರ್ಟಿಗೆ ಕರೆಸಿ, ಸ್ಟ್ಯಾಂಡಿನಲ್ಲಿ ಕೂರಿಸಿದರು. ಹುಡುಗರು ಮೈದಾನಕ್ಕಿಳಿದು ಸ್ವಲ್ಪ ಹೊತ್ತು ಅಭ್ಯಾಸ ಮಾಡಿದಾಗ, ಇವರಿಗೂ ಆಡೋಕೆ ಬಿಡಿ ಅಂತ ಪ್ರೇಕ್ಷಕರು ಕೂಗಿದರು. ಬಿಡಲಿಲ್ಲ. ಹನ್ನೊಂದು ಹನ್ನೆರಡು ವರ್ಷದ ಆ ಮಕ್ಕಳು ಬೇರೆಯವರ ಆಟ ನೋಡಿ ವಾಪಸ್ ಹೋದರು.

ಈಗ ಯೋಚನೆ ಮಾಡಿ. ಸ್ಟೋಟ್ಜ್ ಕೇಳಿದ ಹಾಗೆ ಎಲ್ಲ ಅಧಿಕಾರ ಸ್ಥಳೀಯ ಲೀಗುಗಳ ಕೈಯಲ್ಲೇ ಇದ್ದಿದ್ದರೆ ಸೌತ್ ಕೆರೊಲಿನಾದಲ್ಲಿ ಏನಾಗುತ್ತಿತ್ತು? ಬಹುಮತದ ಊರುಗಳು ಕೂತು, ಮತ ಹಾಕಿ, ಕ್ರಮಬದ್ಧವಾಗಿ ಆ ಮಕ್ಕಳನ್ನು ಹೊರಗಿಡುತ್ತಿದ್ದವು. ಊರಿನ ಸ್ವಾತಂತ್ರ್ಯ ಅನ್ನೋ ಮಾತು ಊರಿನೊಳಗೆ ಯಾರಿಗೆ ಜಾಗ ಇದೆ ಅನ್ನೋದರ ಮೇಲೆ ನಿಂತಿದೆ. ಹಳ್ಳಿಯನ್ನೇ ಸ್ವರ್ಗ ಅಂದವರಿಗೆ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಒಡ್ಡಿದ ಆಕ್ಷೇಪ ಇಂಥದ್ದೇ. ನಮಗೆ ಇದು ಹೊಸ ಪಾಠವೇನಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಎರಡೂ ಕಡೆಯವರು ಒಂದೇ. ಸ್ಟೋಟ್ಜರ ಲೀಗ್ ಮೊದಲ ದಿನದಿಂದಲೂ ಹುಡುಗರದು. 1950ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕ್ಯಾಥರಿನ್ ಜಾನ್ಸ್ಟನ್ ಎಂಬ ಹುಡುಗಿ ಕೂದಲು ಕತ್ತರಿಸಿಕೊಂಡು ಹುಡುಗನ ಹೆಸರಿನಲ್ಲಿ ತಂಡ ಸೇರಿ ಆಡಿದಳು. ಮಾರನೇ ವರ್ಷವೇ ಹುಡುಗಿಯರು ಆಡಬಾರದು ಅಂತ ನಿಯಮ ಬಂತು. 1972ರಲ್ಲಿ ನ್ಯೂಜೆರ್ಸಿಯ ಹೊಬೊಕೆನ್ನಿನಲ್ಲಿ ಮರಿಯಾ ಪೆಪೆ ಎಂಬ ಹುಡುಗಿ ಮೂರು ಪಂದ್ಯ ಆಡಿದ್ದಕ್ಕೆ ಇಡೀ ಊರಿನ ಲೀಗಿನ ಮಾನ್ಯತೆ ರದ್ದು ಮಾಡ್ತೀವಿ ಅಂತ ಕೇಂದ್ರ ಕಚೇರಿ ಬೆದರಿಸಿತು. ಮಹಿಳಾ ಸಂಘಟನೆ ಕಾನೂನು ಹೋರಾಟಕ್ಕಿಳಿದು, 1974ರಲ್ಲಿ ಬಾಗಿಲು ತೆರೆಯಿತು. ಅಷ್ಟೊತ್ತಿಗೆ ಆ ಹುಡುಗಿಗೆ ಆಡುವ ವಯಸ್ಸು ಮೀರಿತ್ತು.

ಅಂದ್ರೆ ಕಪ್ಪು ಮಕ್ಕಳ ವಿಷಯದಲ್ಲಿ ಅರ್ಧದಷ್ಟಾದರೂ ತತ್ವಕ್ಕೆ ನಿಂತ ಅದೇ ಕೇಂದ್ರ, ಹುಡುಗಿಯರ ವಿಷಯದಲ್ಲಿ ತನ್ನ ಅಧಿಕಾರವನ್ನು ಲಾಠಿಯ ಹಾಗೆ ಬಳಸಿತು. ಕೇಂದ್ರ ಒಳ್ಳೇದಾ, ಸ್ಥಳೀಯ ಒಳ್ಳೇದಾ ಅನ್ನೋ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಈ ಇತಿಹಾಸದಲ್ಲಿ ಸಿಗೋದಿಲ್ಲ. ಹೊರಗಿಟ್ಟವರಿಗೆ ಒಳಗೆ ಮಾತಾಡುವ ಹಕ್ಕಿದೆಯಾ ಅಂತ ಕೇಳಿದರೆ ಮಾತ್ರ ಎರಡೂ ಕಡೆ ಉತ್ತರ ಸಿಗುತ್ತೆ: ಇರಲಿಲ್ಲ.

ಉಳಿದ 36 ವರ್ಷ

ಸಂಸ್ಥೆಯಿಂದ ಹೊರಬಂದ ಸ್ಟೋಟ್ಜ್ ಏನು ಮಾಡಿದರು? ಊರು ಬಿಡಲಿಲ್ಲ. ಒರಿಜಿನಲ್ ಲೀಗ್ ಅನ್ನುವ ಹೆಸರಿನಲ್ಲಿ, ವಿಲಿಯಮ್ಸ್‌ಪೋರ್ಟಿನ ಹಳೆಯ ಮೈದಾನದಲ್ಲಿ, ಊರಿನ ಮಕ್ಕಳಿಗೆ ಆಟ ಆಡಿಸೋದನ್ನು ಮುಂದುವರಿಸಿದರು. 1947ರಿಂದ 1958ರವರೆಗೆ ವರ್ಲ್ಡ್ ಸೀರೀಸ್ ನಡೆದಿದ್ದು ಇದೇ ಮೈದಾನದಲ್ಲಿ. 1959ರಲ್ಲಿ ಸಂಸ್ಥೆ ನದಿಯಾಚೆ ಹೊಸ ಕ್ರೀಡಾಂಗಣ ಕಟ್ಟಿಕೊಂಡು ಹೋಯಿತು. 1964ರಲ್ಲಿ ಅಧ್ಯಕ್ಷ ಜಾನ್ಸನ್ ಸಹಿಯೊಂದಿಗೆ ಸಂಸದೀಯ ಮಾನ್ಯತೆಯೂ ಸಿಕ್ಕಿತು. ಆಚೆ ದಡದಲ್ಲಿ ಪ್ರತಿ ಆಗಸ್ಟಿನಲ್ಲಿ ಜಾತ್ರೆ. ಈಚೆ ದಡದಲ್ಲಿ ಕ್ಯಾಮೆರಾ ಇಲ್ಲದ, ಸ್ಕೋರು ಮಾರನೇ ದಿನಕ್ಕೆ ಮರೆತುಹೋಗುವ ಆಟ. ಸ್ಟೋಟ್ಜ್ ಜಾತ್ರೆಯಿಂದ ದಶಕಗಳ ಕಾಲ ದೂರವೇ ಉಳಿದರು.

ಹಠ ಅನ್ನಿ, ಕಹಿ ಅನ್ನಿ. ಕಹಿ ಇದ್ದೇ ಇತ್ತು. ಆದರೆ ಕಹಿಯಾದವರು ಸಾಮಾನ್ಯವಾಗಿ ಏನು ಮಾಡ್ತಾರೆ? ಮನೆ ಸೇರ್ತಾರೆ, ಸಿಕ್ಕವರಿಗೆ ಹಳೇ ಕತೆ ಹೇಳ್ತಾರೆ. ಇವರು ಕತೆ ಹೇಳಿದರು ನಿಜ, ಕೆನ್ನೆತ್ ಲಾಸ್ ಜೊತೆ ಬರೆದ ಅವರ ನೆನಪುಗಳ ಪುಸ್ತಕ ಅವರು ತೀರಿಕೊಂಡ ವರ್ಷವೇ ಬಂತು. ಆದರೆ ಕತೆಯ ಜೊತೆಗೆ ಮೈದಾನವನ್ನೂ ಬಿಡಲಿಲ್ಲ. 1938ರಲ್ಲಿ ಕೊಟ್ಟ ಮಾತು ಇಬ್ಬರು ಮಕ್ಕಳಿಗೆ. ಜಗತ್ತಿನ ಮಕ್ಕಳಿಗೆಲ್ಲ ಕೊಡ್ತೀನಿ ಅಂತ ಅವರು ಹೇಳಿರಲಿಲ್ಲ. ತಮ್ಮ ಊರಿನ ಅಳತೆಯಲ್ಲಿ ಆ ಮಾತನ್ನು ಕೊನೆವರೆಗೂ ನಡೆಸಿದರು.

ನಮಗೇನು?

ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರೇ ಇಲ್ಲ. ಇದ್ದಲ್ಲಿ ಮೈದಾನವಿಲ್ಲ. ನಗರದಲ್ಲಿ ಮೈದಾನ ಇದ್ದರೆ ಅದರ ಸುತ್ತ ಬೇಲಿ, ಬೇಲಿಗೆ ಅಕಾಡೆಮಿಯ ಬೋರ್ಡು, ಬೋರ್ಡಿನಲ್ಲಿ ತಿಂಗಳ ಫೀಸು. ಆಟ ಅಂದ್ರೆ ಆಯ್ಕೆ, ಆಯ್ಕೆ ಅಂದ್ರೆ ಹರಾಜಿನ ಕನಸು ಅನ್ನುವ ಹಾದಿಯಲ್ಲಿ ನಾವು ಬಹಳ ದೂರ ಬಂದಿದ್ದೀವಿ. ಊರಲ್ಲಿ ಹತ್ತು ಮಕ್ಕಳನ್ನು ಸೇರಿಸಿ ಸಂಜೆ ಖೋಖೋ, ಕಬಡ್ಡಿ, ವಾಲಿಬಾಲ್ ಆಡಿಸುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರಿಗೆ ಸನ್ಮಾನ ಮಾಡೋಕೆ ನಮಗೆ ಬರುತ್ತೆ, ನೆಟ್ ಕೊಡಿಸೋಕೆ ಬರಲ್ಲ.

ಇನ್ನು ಸಂಘಟನೆ ಕಟ್ಟುವವರಿಗೆ ಒಂದು ಮಾತು. ನಿಮ್ಮ ಬಳಗ ಚಿಕ್ಕದಿದ್ದಾಗ, ಎಲ್ಲರೂ ಗೆಳೆಯರಾಗಿದ್ದಾಗ ಕೆಲವು ಪ್ರಶ್ನೆ ಕೇಳೋಕೆ ಮುಜುಗರ ಆಗುತ್ತೆ. ಹೆಸರು ಯಾರದು? ಬ್ಯಾಂಕ್ ಖಾತೆಗೆ ಸಹಿ ಯಾರದು? ಪೇಜಿನ ಪಾಸ್‌ವರ್ಡ್ ಯಾರ ಹತ್ತಿರ ಇದೆ? ದೊಡ್ಡ ದೇಣಿಗೆ ಕೊಟ್ಟವರಿಗೆ ಮಂಡಳಿಯಲ್ಲಿ ಎಷ್ಟು ಕುರ್ಚಿ? ದಿನಾ ದುಡಿಯುವವರಿಗೆ ಎಷ್ಟು ಮತ? ಬಹುಮತಕ್ಕೂ ಮುಟ್ಟಲು ಬಿಡದ ನಿಯಮ ಯಾವುದು? ಓಪನ್ ಸೋರ್ಸ್ ಸಾಫ್ಟ್‌ವೇರಿನ ಲೋಕದಲ್ಲಿ ಇದ್ದವರಿಗೆ ಗೊತ್ತು, ಕೋಡ್ ಎಷ್ಟೇ ಚೆನ್ನಾಗಿರಲಿ, ಲೈಸೆನ್ಸ್ ಬರೆಯದಿದ್ದರೆ ಒಂದಲ್ಲ ಒಂದು ದಿನ ತಲೆನೋವು ಗ್ಯಾರಂಟಿ. ಸ್ಟೋಟ್ಜ್ ಬೇಸಿನಿಂದ ಬೇಸಿಗೆ ಅಂತರವನ್ನು ಅಷ್ಟು ತಾಳ್ಮೆಯಿಂದ ಅಳೆದರು. ದೇಣಿಗೆ ಕೊಡುವವರಿಗೂ ಮೈದಾನಕ್ಕೂ ನಡುವಿನ ಅಂತರವನ್ನು ಯಾರೂ ಅಳೆಯಲಿಲ್ಲ.

ಒಳ್ಳೆಯ ಮನಸ್ಸು ಲೀಗ್ ಶುರು ಮಾಡಬಲ್ಲದು. ಅದನ್ನು ಕಾಯೋಕೆ ಬರವಣಿಗೆಯಲ್ಲಿ ಇರುವ ನಿಯಮ ಬೇಕು, ಆ ನಿಯಮ ಬರೆಯುವಾಗ ಚಾರ್ಲ್ಸ್‌ಟನ್ನಿನ ಹುಡುಗರೂ ಹೊಬೊಕೆನ್ನಿನ ಹುಡುಗಿಯೂ ಕೋಣೆಯಲ್ಲಿ ಇರಬೇಕು.

ವಿಲಿಯಮ್ಸ್‌ಪೋರ್ಟ್ ಮತ್ತು ಸೌತ್ ವಿಲಿಯಮ್ಸ್‌ಪೋರ್ಟ್ ನಡುವೆ ಸಸ್ಕ್ವೆಹಾನಾ ನದಿಗೆ ಒಂದು ಸೇತುವೆಯಿದೆ. ಅದಕ್ಕೀಗ ಕಾರ್ಲ್ ಸ್ಟೋಟ್ಜ್ ಸ್ಮಾರಕ ಲಿಟಲ್ ಲೀಗ್ ಸೇತುವೆ ಅಂತ ಹೆಸರು. ಕೋರ್ಟಿನಲ್ಲಿ ಬೇರೆಯಾದ ಎರಡು ಹೆಸರು ಒಂದೇ ಫಲಕದ ಮೇಲೆ ಸೇರಿವೆ. ಈಚೆ ದಡದ ಹಳೆಯ ಮೈದಾನಕ್ಕೂ ಅವರದೇ ಹೆಸರಿಟ್ಟಿದ್ದಾರೆ. ಅಲ್ಲಿ ಬೇಸಿನಿಂದ ಬೇಸಿಗೆ ಈಗಲೂ 60 ಅಡಿ.